ಇಪ್ಪತ್ತನೆಯ ಕೆಂಪು

ಸೆಪ್ಟೆಂಬರ್ 2, ಸೋಮವಾರ

ಮೂವತ್ತೊಂದು ಮಕ್ಕಳಲ್ಲಿ ಮೂವತ್ತು ಮಕ್ಕಳನ್ನು ಹೇಗಾದರೂ ಸಂಭಾಳಿಸಬಹುದು. ಆ ಒಬ್ಬಳನ್ನು, ನಾನು ಚಿನಕುರುಳಿ ಎಂದು ಕರೆಯುವವಳನ್ನು, ಸಂಭಾಳಿಸಲು ನನ್ನ ಕೈಲಾಗುವುದಿಲ್ಲ. ಇವತ್ತು ಮೂರನೇ ಕ್ಲಾಸಿಗೆ ಗುಣಾಕಾರ ಶುರು ಮಾಡಿದೆ. ಬೋರ್ಡಿನ ಮೇಲೆ ಎರಡನೆಯ ಲೆಕ್ಕ ಬರೆಯುವಷ್ಟರಲ್ಲಿ ಹಿಂದೆ ದಡ್ ಎಂದಿತು. ತಿರುಗಿದರೆ ಚಿನಕುರುಳಿಯ ಜಾಗ ಖಾಲಿ. ರಬ್ಬರು ಬಿತ್ತೆಂದು ಬೆಂಚಿನ ಕೆಳಗೆ ನುಗ್ಗಿದವಳು ಮೂರು ಬೆಂಚು ದಾಟಿ, ದಾರಿಯಲ್ಲಿ ನಾಲ್ಕು ಜನರ ಶೂ ಲೇಸು ಬಿಚ್ಚಿ, ಕಪಾಟಿನ ಹತ್ತಿರ ಎದ್ದು ನಿಂತಳು. ರಬ್ಬರು ಅವಳ ಕೈಯಲ್ಲೇ ಇತ್ತು.

"ಸಿಕ್ಕಿತಲ್ಲ, ಹೋಗಿ ಕೂತ್ಕೋ" ಎಂದೆ.

"ಬಂದ ದಾರೀಲೇ ಹೋಗ್ಲಾ ಟೀಚರ್?" ಎಂದು ಕೇಳಿದಳು. ಇಡೀ ಕ್ಲಾಸು ಹೋ ಎಂದಿತು. ನಾನು ಕಿರುಚಿದೆ. ಎಷ್ಟು ಜೋರಾಗಿ ಎಂದರೆ ಪಕ್ಕದ ಕ್ಲಾಸಿನ ಮೇಷ್ಟ್ರು ಬಾಗಿಲಿಗೆ ಬಂದು ಇಣುಕಿ, ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು.

ಬಾಗಿಲ ಪಕ್ಕದ ಹಲಗೆ ಮಾಡಿದಾಗ ಏನು ಹೆಮ್ಮೆ ನನಗೆ! ಹಸಿರು, ಹಳದಿ, ಕೆಂಪು ರಟ್ಟಿನ ಮೂರು ಪಟ್ಟಿ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಮೇಲೆ ಒಂದೊಂದು ಮಗುವಿನ ಹೆಸರು. ಬೆಳಗ್ಗೆ ಎಲ್ಲವೂ ಹಸಿರಿನಲ್ಲಿ. ಒಮ್ಮೆ ತಪ್ಪು ಮಾಡಿದರೆ ಹಳದಿಗೆ, ಮತ್ತೆ ಮಾಡಿದರೆ ಕೆಂಪಿಗೆ. ಕೆಂಪಾದವರ ಮನೆಗೆ ಅವತ್ತಿನ ಕೊನೆಯ ಬೆಲ್ಲಿಗೇ ಒಂದು ಚೀಟಿ, ಅದಕ್ಕೆ ಅಪ್ಪನದೋ ಅಮ್ಮನದೋ ಸಹಿ. ಸಂಜೆ ಮಕ್ಕಳು ಹೋದ ಮೇಲೆ ಯಾರ ಕ್ಲಿಪ್ಪು ಎಲ್ಲಿದೆ ಎಂದು ನೋಡಿ ರಿಜಿಸ್ಟರಿಗೆ ಇಳಿಸಿ, ಎಲ್ಲವನ್ನೂ ಮತ್ತೆ ಹಸಿರಿಗೆ ತಂದಿಡುತ್ತೇನೆ. ಹೆಡ್ ಮೇಡಂ ಇದನ್ನು ಮೀಟಿಂಗಿನಲ್ಲಿ ಹೊಗಳಿದ್ದರು. ಒಂದು ಅವಧಿಯಲ್ಲಿ ಇಪ್ಪತ್ತು ಕೆಂಪಾದರೆ ಮಗುವಿನ ಮನೆಯವರನ್ನು ಕರೆಸಿ ಟಿ.ಸಿ. ಕೊಟ್ಟು ಕಳಿಸುವುದೆಂದು ನಿಯಮವನ್ನೂ ಸೇರಿಸಿದರು.

ಚಿನಕುರುಳಿಗೆ ಇವತ್ತಿಗೆ ಹದಿನಾಲ್ಕು. ಇನ್ನು ಆರು. ಹೀಗೆ ಎಣಿಸುವುದು ತಪ್ಪೆಂದು ಗೊತ್ತು, ಆದರೂ ಎಣಿಸುತ್ತೇನೆ. ತಿಂಗಳ ಕೊನೆಗೆ ನನ್ನ ಎರಡು ವರ್ಷದ ಪ್ರೊಬೇಷನ್ ಮುಗಿಯುತ್ತದೆ. ಗದ್ದಲ ಆಫೀಸಿನವರೆಗೆ ಕೇಳಿಸುವ ಕ್ಲಾಸಿನ ಟೀಚರನ್ನು ಯಾರು ಕಾಯಂ ಮಾಡುತ್ತಾರೆ?

ಸೆಪ್ಟೆಂಬರ್ 3, ಮಂಗಳವಾರ

ತಲೆ ಚಿಟ್ಟು ಹಿಡಿದುಹೋಗಿದೆ. ಎರಡನೆಯ ಪೀರಿಯಡ್ಡಿನಲ್ಲಿ ಚಿನಕುರುಳಿ ಪಕ್ಕದವಳ ಪುಸ್ತಕದ ಮೇಲೆ ಕುಳಿತು ಏಳಲಿಲ್ಲ. ಕ್ಲಿಪ್ಪನ್ನು ಹಳದಿಗೆ ಹಾಕೋಣವೆಂದು ಹೋದರೆ ಅದು ಆಗಲೇ ಕೆಂಪಿನಲ್ಲಿದೆ! ಯಾವಾಗ ಹಾಕಿದೆನೋ ನೆನಪೇ ಇಲ್ಲ. ನನ್ನ ಕೈಗೆ ಅಷ್ಟು ರೂಢಿಯಾಗಿಬಿಟ್ಟಿದೆ, ನನ್ನನ್ನು ಕೇಳದೆಯೇ ಕೆಲಸ ಮಾಡುತ್ತದೆ.

ಹದಿನೈದು.

ಸೆಪ್ಟೆಂಬರ್ 5, ಗುರುವಾರ

ಸಂಜೆ ಅತ್ತೆ ಟಿ.ವಿ. ನೋಡುತ್ತಾ ಪಕ್ಕದ ಮನೆಯಾಕೆಯ ಜೊತೆ ಮಾತಾಡುತ್ತಿದ್ದರು. ನಾನು ಅಡುಗೆಮನೆಯಿಂದ, "ಒಬ್ಬೊಬ್ಬರೇ ಮಾತಾಡಿ! ಕೈ ಎತ್ತಿ ಮಾತಾಡಿ!" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಒಳ್ಳೆಯವರು, ಬಲಗೈ ಎತ್ತಿದರು.

"ಟೀಚರ್, ನಂಗೆ ಒಂದು ಲೋಟ ಟೀ ಬೇಕಿತ್ತು."

ಪಕ್ಕದ ಮನೆಯಾಕೆ ನಕ್ಕೂ ನಕ್ಕೂ ಕೆಮ್ಮಿದರು. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ. ಎರಡು ನಿಮಿಷ ಒಂದೇ ಕಡೆ ಕೂರಲಾಗುತ್ತಿಲ್ಲ. ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತೇನೆ. ನಮ್ಮವರು ಲಿಫ್ಟ್ ರಿಪೇರಿ ಮಾಡುವವರು. "ಮೇಲೆ ಕೆಳಗೆ ಓಡಾಡೋದು ನನ್ನ ಕೆಲ್ಸ ಕಣೇ, ನೀನ್ಯಾಕೆ ಮಾಡ್ತಿದೀಯ?" ಎಂದರು. ಅವರಿಗೆ ಎಲ್ಲವೂ ತಮಾಷೆ.

ಸೆಪ್ಟೆಂಬರ್ 9, ಸೋಮವಾರ

ಹದಿನೆಂಟು.

ಇವತ್ತು ನೀರಿನ ಬಾಟಲಿ. ಮುಚ್ಚಳಕ್ಕೆ ತೂತು ಮಾಡಿಕೊಂಡು ಬಂದಿದ್ದಳು. ಪಾಠದ ನಡುವೆ ಕಿಟಕಿಯ ಕುಂಡಕ್ಕೆ ನೀರು ಹಾಯಿಸಿದಳು. ಕುಂಡಕ್ಕೆ ಅರ್ಧ, ಮುಂದಿನ ಬೆಂಚಿನ ತಲೆಗಳಿಗೆ ಅರ್ಧ. ಅದೇ ಹೊತ್ತಿಗೆ ಹೆಡ್ ಮೇಡಂ ವರಾಂಡದಲ್ಲಿ ಬರಬೇಕೇ? ನನ್ನ ಹಣೆಬರಹ.

"ಮಳೆ ಎಲ್ಲಿಂದ ಬಂತಮ್ಮಾ?" ಎಂದರು. ಮುಖದಲ್ಲಿ ನಗು ಇರಲಿಲ್ಲ.

ಊಟದ ಹೊತ್ತಿನಲ್ಲಿ ಪಕ್ಕದ ಕ್ಲಾಸಿನ ಮೇಷ್ಟ್ರ ಹತ್ತಿರ ಹೇಳಿಕೊಂಡೆ. ಅವರದು ಇಪ್ಪತ್ತೆಂಟು ವರ್ಷದ ಸರ್ವೀಸು. ಕ್ಲಾಸಿನಲ್ಲಿ ಅವರು ಕನ್ನಡಕ ತೆಗೆದು ಒರೆಸಿದರೆ ಸಾಕು, ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಾಗುತ್ತದೆ.

"ಆ ಮಗು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬರುತ್ತಲ್ಲಾ, ನೋಡಿದೀರಾ?" ಎಂದರು.

"ತರಲೆ ಮಾಡೋಕೆ ಇಡೀ ದಿನ ಸಾಲಲ್ಲ, ಅದಕ್ಕೆ ಬೇಗ ಬರ್ತಾಳೆ ಸಾರ್."

ಅವರು ಡಬ್ಬಿ ಮುಚ್ಚಿ ಎದ್ದರು. ಇದೂ ಒಂದು ಸಲಹೆಯೇ? ನನಗೆ ಬೇಕಾದದ್ದು ಉಪಾಯ, ಪ್ರಶ್ನೆಯಲ್ಲ.

ಸೆಪ್ಟೆಂಬರ್ 11, ಬುಧವಾರ

ಹತ್ತೊಂಬತ್ತು. ಗಂಟಲು ಕಟ್ಟಿದೆ. ಬರೆಯಲು ಬೇಜಾರು.

ಸೆಪ್ಟೆಂಬರ್ 13, ಶುಕ್ರವಾರ

ಇಪ್ಪತ್ತು.

ಸಾಯಂಕಾಲ ಸ್ಟಾಫ್ ರೂಮಿನಲ್ಲಿ ಕುಳಿತು ಪತ್ರ ಬರೆದೆ. ಇಪ್ಪತ್ತು ತಾರೀಕುಗಳನ್ನು ರಿಜಿಸ್ಟರಿನಿಂದ ಒಂದೂ ಬಿಡದೆ ಇಳಿಸಿದೆ. "ಸದರಿ ವಿದ್ಯಾರ್ಥಿನಿಯು ಪದೇ ಪದೇ ಎಚ್ಚರಿಸಿದಾಗ್ಯೂ" ಎಂದು ಶುರು ಮಾಡಿ, ಉಳಿದ ಮೂವತ್ತು ಮಕ್ಕಳ ಹಿತದೃಷ್ಟಿಯಿಂದ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಮುಗಿಸಿದೆ. ಹೆಡ್ ಮೇಡಂ ಓದಿ, "ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆದುಕೊಡಲ್ಲಮ್ಮಾ. ಕೆಲಸ ಅಂದ್ರೆ ಹೀಗಿರಬೇಕು" ಎಂದರು. ಅವಳ ಅಮ್ಮನನ್ನು ಇಪ್ಪತ್ತೊಂದನೇ ತಾರೀಕು ಶನಿವಾರ ಬರಹೇಳಿದ್ದಾರೆ. ಮನೆಯಲ್ಲಿ ಅಮ್ಮ, ಮಗಳು ಇಬ್ಬರೇ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರಂತೆ.

ಖುಷಿಯಾಗಬೇಕಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತುಕೊಂಡೇ ಬಂದೆ.

ಸೆಪ್ಟೆಂಬರ್ 16, ಸೋಮವಾರ

ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಕಂಪಾಸು ಪೆಟ್ಟಿಗೆ ಬೀಳಿಸಿಕೊಂಡು ಅಳುತ್ತಿದ್ದ ಹುಡುಗನಿಗೆ ಪೆನ್ಸಿಲ್ ಚೂಪು ಮಾಡಿ ಕೊಟ್ಟಳು. ಒಂದಲ್ಲ, ಆರೂ ಪೆನ್ಸಿಲ್. ಕೆಳಗೆ ಬಿದ್ದ ಸಿಪ್ಪೆಗಳನ್ನು ಗುಡ್ಡೆ ಮಾಡಿ ಊದಿದಳು, ಅದು ಬೇರೆ ವಿಷಯ. ಗುಣಾಕಾರ ಎಲ್ಲವೂ ಸರಿ ಇತ್ತು.

ಸಂಜೆ ನೋಡಿದರೆ ಕ್ಲಿಪ್ಪು ಕೆಂಪಿನಲ್ಲಿ. ಏನು ಮಾಡಿದಳೆಂದು ತಲೆ ಕೆರೆದುಕೊಂಡೆ. ಹೊಳೆಯಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಪತ್ರ ಕೊಟ್ಟ ಮೇಲೆ ಇನ್ನು ಚೀಟಿ ಯಾಕೆಂದು ಕಳಿಸಲಿಲ್ಲ, ಹಲಗೆಯಲ್ಲಿ ಇದ್ದಂತೆ ಬರೆದುಕೊಂಡು ಹೊರಟೆ.

ಸೆಪ್ಟೆಂಬರ್ 18, ಬುಧವಾರ

ಅಕ್ಷರ ಸೊಟ್ಟಗೆ ಬಂದರೂ ಬರೆಯುತ್ತೇನೆ.

ಐದು ಗಂಟೆಗೇ ಎಚ್ಚರವಾಗಿತ್ತು. ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಒಂದು ಗಂಟೆ ಮುಂಚಿನ ಬಸ್ಸು ಹಿಡಿದೆ. ಶಾಲೆಯಲ್ಲಿ ಕಸ ಗುಡಿಸುವ ಆಯಮ್ಮ ಒಬ್ಬರೇ ಇದ್ದರು. ನನ್ನ ಕ್ಲಾಸಿನ ಬಾಗಿಲು ತೆರೆದಿತ್ತು. ಒಳಗೆ ಚಿನಕುರುಳಿ ನನ್ನ ಕುರ್ಚಿಯನ್ನು ಹಲಗೆಯ ಹತ್ತಿರ ಎಳೆದುಕೊಂಡು ಅದರ ಮೇಲೆ ಹತ್ತಿದ್ದಾಳೆ. ಶೂ ಬಿಚ್ಚಿ ಕೆಳಗೆ ಜೋಡಿಸಿಟ್ಟಿದ್ದಾಳೆ. ತನ್ನ ಹೆಸರಿನ ಕ್ಲಿಪ್ಪನ್ನು ಹಸಿರಿನಿಂದ ತೆಗೆದು, ಕೆಂಪಿಗೆ ಸಿಕ್ಕಿಸಿ, ಸೊಟ್ಟಗಾಯಿತೆಂದು ನೆಟ್ಟಗೆ ಮಾಡಿದಳು.

ಸದ್ಯ, ಕೂಗಲಿಲ್ಲ ನಾನು. ಗಂಟಲು ಕಟ್ಟಿದ್ದು ಒಳ್ಳೆಯದೇ ಆಯಿತು.

"ಏನೇ ಅದು?"

ಬೆಚ್ಚಿಬಿದ್ದಳು. ಕುರ್ಚಿಯಿಂದ ಇಳಿದು, ತನ್ನ ಲಂಗದಲ್ಲಿ ಕುರ್ಚಿ ಒರೆಸಿದಳು.

"ಹೇಗಿದ್ರೂ ಅಲ್ಲಿಗೇ ಬರತ್ತಲ್ಲ ಟೀಚರ್."

"ಏನು ಬರತ್ತೆ? ಇನ್ನೂ ಬೆಲ್ಲೇ ಆಗಿಲ್ಲ. ನೀನಿನ್ನೂ ಏನೂ ಮಾಡಿಲ್ಲ."

"ಹಸಿರಲ್ಲಿದ್ರೆ ಯಾವಾಗ ಬೀಳತ್ತೋ, ಯಾವಾಗ ಬೀಳತ್ತೋ ಅಂತ ಹೊಟ್ಟೆಯಲ್ಲಿ ಒಂಥರಾ ಆಗತ್ತೆ. ಕೆಂಪಲ್ಲಿದ್ರೆ ಇನ್ನೆಲ್ಲಿಗೂ ಬೀಳಲ್ಲ."

ಪರೀಕ್ಷೆಗೆ ಓದಿಕೊಂಡು ಬಂದವಳಂತೆ ಹೇಳಿದಳು. ಎಷ್ಟು ದಿನದಿಂದ ಹೀಗೆ ಮಾಡ್ತಿದೀಯ ಎಂದರೆ ಬೆರಳು ಮಡಚಿ ಎಣಿಸಲು ಹೊರಟು, ಕೈಬಿಟ್ಟಳು. "ಗೊತ್ತಿಲ್ಲ. ಭಯ ಆದ ದಿನ ಎಲ್ಲ."

"ಮನೆಗೆ ಚೀಟಿ ಹೋಗತ್ತೆ ಅಂತ ಗೊತ್ತಲ್ವಾ ನಿಂಗೆ?"

ಹೂಂ ಎಂದು ತಲೆ ಆಡಿಸಿ, ಶೂ ಹಾಕಿಕೊಂಡು ಓಡಿಹೋದಳು. ಅವಳ ಅಮ್ಮ ಏಳೂವರೆಯ ಡ್ಯೂಟಿಗೆ ಹೋಗುತ್ತಾ ಬಿಟ್ಟುಹೋಗುತ್ತಾರೆ ಎಂದು ಆಯಮ್ಮ ಹೇಳಿದರು. ಒಂದು ಗಂಟೆ ಆ ಕೋಣೆಯಲ್ಲಿ ಒಬ್ಬಳೇ, ಎದುರಿಗೆ ನನ್ನ ಹಲಗೆ.

ಆ ಕ್ಲಿಪ್ಪನ್ನು ಹಸಿರಿಗೆ ಹಾಕಿದೆ. ಇಡೀ ದಿನ ಅವಳು ಪಾಠ ಕೇಳಲಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದಳು. ಕೊನೆಯ ಪೀರಿಯಡ್ಡಿನಲ್ಲಿ ಪಕ್ಕದವಳ ಜಡೆ ಎಳೆದಳು. ಎಳೆದು, ನನ್ನನ್ನು ನೋಡಿದಳು. ನಾನು ಎಲ್ಲರಿಗೂ ಚಿತ್ರ ಬರೆಯಲು ಹೇಳಿ ಹೊರಗೆ ಬಂದು ನಿಂತೆ.

ಸೆಪ್ಟೆಂಬರ್ 19, ಗುರುವಾರ

ರಿಜಿಸ್ಟರನ್ನು ಮನೆಗೆ ತಂದಿದ್ದೇನೆ. ಪತ್ರಕ್ಕೆ ಇಳಿಸಿದ ಇಪ್ಪತ್ತು ತಾರೀಕುಗಳ ಮುಂದೆ ಅವತ್ತು ಏನು ನಡೆಯಿತೆಂದು ಬರೆಯಲು ಕುಳಿತೆ. ಬೆಂಚಿನ ಕೆಳಗೆ ತೆವಳಿದ್ದು, ಸರಿ. ನೀರಿನ ಬಾಟಲಿ, ಸರಿ. ಜೂನಿನಲ್ಲಿ ಒಬ್ಬಳ ಟಿಫಿನ್ ಡಬ್ಬಿ ಬಚ್ಚಿಟ್ಟದ್ದು, ಸರಿ. ಹೀಗೆ ಒಂಬತ್ತು ತುಂಬಿದವು. ಹನ್ನೊಂದರ ಮುಂದೆ ಏನೂ ಇಲ್ಲ. ಆ ದಿನ ಏನು ಪಾಠ ಮಾಡಿದೆ, ಯಾರು ಗೈರುಹಾಜರಿ ಎಲ್ಲ ನೆನಪಿದೆ. ಅವಳ ತಪ್ಪು ಮಾತ್ರ ನೆನಪಿಲ್ಲ. ನೋಡಿದ್ದರೆ ತಾನೇ ನೆನಪಿರಲು? ನಾನು ನೋಡಿದ್ದು ಕ್ಲಿಪ್ಪನ್ನು. ನೋಡಿ ಬರೆದೆ, ಬರೆದು ಸಹಿ ಹಾಕಿದೆ.

ನಮ್ಮವರು ಪಕ್ಕದಲ್ಲಿ ಬಂದು ಕುಳಿತರು. ಎಲ್ಲ ಹೇಳಿದೆ. ಅವರು ತಮಾಷೆ ಮಾಡಲಿಲ್ಲ.

"ಹೇಳಿದ್ರೆ ಏನಾಗತ್ತೆ?"

"ಸುಳ್ಳು ರಿಜಿಸ್ಟರ್ ಬರೆದಿದೀನಿ ಅಂತ ಆಗತ್ತೆ. ನಾನು ಕಾಯಂ ಆಗೋದು ಅಲ್ಲಿಗೆ ಮುಗೀತು."

"ಹೇಳ್ದಿದ್ರೆ?"

"ಆ ಮಗು ಹೋಗತ್ತೆ."

"ಹೋದ್ರೆ ನಿಂಗೆ ನೆಮ್ಮದಿ ಅಂತಿದ್ಯಲ್ಲ, ಹೋದ ವಾರ."

ಯಾಕೋ ಅವರ ಮೇಲೆ ರೇಗಿದೆ. ಹೋದ ವಾರದ ಮಾತು ಈಗ ಯಾಕೆ ತೆಗೀತೀರಿ ಎಂದೆ. ಅತ್ತೆ ಒಳಗಿನಿಂದ, "ಅವಳನ್ನ ಸುಮ್ನೆ ಬಿಡೋ" ಎಂದರು.

ಸೆಪ್ಟೆಂಬರ್ 20, ಶುಕ್ರವಾರ

ಆಫೀಸಿನ ಬಾಗಿಲವರೆಗೆ ಮೂರು ಸಲ ಹೋದೆ. ಎರಡು ಸಲ ವಾಪಸ್ ಬಂದೆ. ಮೂರನೆಯ ಸಲ ಒಳಗೆ ಹೋಗಿ, "ಮೇಡಂ, ಆ ಪತ್ರ ವಾಪಸ್ ತಗೊಳ್ಳಲಾ? ಇನ್ನೊಂದು ಅವಧಿ ನೋಡೋಣ" ಎಂದೆ.

"ಪಾಪ ಅನ್ನಿಸ್ತಾ? ಅನ್ಸತ್ತೆ. ಆದ್ರೆ ರಿಜಿಸ್ಟರ್ ಹೇಳ್ತಿದೆಯಲ್ಲಮ್ಮಾ. ನಾವು ಅಯ್ಯೋ ಪಾಪ ಅಂದ್ರೆ ಅದು ಸುಮ್ನಿರತ್ತಾ?"

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂತು. ಮೇಜಿನ ಮೇಲೆ ಕಡತಗಳ ಸಾಲಿನಲ್ಲಿ ನನ್ನ ಹೆಸರಿನ ಕಡತ ಕಾಣಿಸಿತು. "ಸರಿ ಮೇಡಂ" ಎಂದು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಅವಳು ಇವತ್ತು ಬೋರ್ಡ್ ಒರೆಸಿದಳು. ಯಾರೂ ಹೇಳಿರಲಿಲ್ಲ. ಎತ್ತರ ಸಾಲದೆ ಎಗರಿ ಎಗರಿ ಒರೆಸಿದಳು. ಮೇಲಿನ ಒಂದು ಸಾಲು ಹಾಗೇ ಉಳಿಯಿತು. ನಾನು ಹೋಗಿ ಅದನ್ನು ಒರೆಸಿದೆ.

ಸೆಪ್ಟೆಂಬರ್ 21, ಶನಿವಾರ

ಎಲ್ಲ ಬರೆಯಬೇಕು, ಬರೆಯದಿದ್ದರೆ ಕೂರಲಾಗುವುದಿಲ್ಲ.

ಅವಳ ಅಮ್ಮ ಹತ್ತು ಗಂಟೆಗೆ ಬಂದರು. ಸಣ್ಣ ಆಳು. ಲಾಂಡ್ರಿಯ ನೀಲಿ ಕೋಟನ್ನು ಮಡಚಿ ಕೈಚೀಲದ ಮೇಲೆ ಇಟ್ಟುಕೊಂಡಿದ್ದರು. ಅರ್ಧ ದಿನದ ರಜೆಯಂತೆ. ಸೋಪಿನ ನೀರಿನಲ್ಲೇ ಇರುವ ಕೈ, ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿದ್ದವು. ಮಗಳು ಹೊರಗೆ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಬೆಂಚಿಗೆ ಹಿಮ್ಮಡಿ ಬಡಿಯುವ ಟಕ್ ಟಕ್ ಒಳಗೆ ಕೇಳಿಸುತ್ತಿತ್ತು.

ಹೆಡ್ ಮೇಡಂ ನನ್ನ ಪತ್ರವನ್ನು ಗಟ್ಟಿಯಾಗಿ ಓದಿದರು. ಸದರಿ ವಿದ್ಯಾರ್ಥಿನಿಯು, ಎಚ್ಚರಿಸಿದಾಗ್ಯೂ. ನನ್ನ ಮಾತು ನನಗೇ ಸಹಿಸಲಾಗಲಿಲ್ಲ.

"ಇನ್ನೊಂದೇ ಒಂದು ಅವಕಾಶ ಕೊಡಿ ಮೇಡಂ" ಎಂದರು ಅಮ್ಮ. "ಬೇರೆ ಶಾಲೆ ಅಂದ್ರೆ ಎರಡು ಬಸ್ಸು. ಅವಳನ್ನ ಅಲ್ಲಿ ಬಿಟ್ಟು ನಾನು ಡ್ಯೂಟಿಗೆ ಹೋಗೋಕಾಗಲ್ಲ. ಒಬ್ಬಳನ್ನೇ ಬಸ್ಸಿಗೆ ಹತ್ತಿಸೋಕೂ ಆಗಲ್ಲ."

"ನಂಗೂ ಬೇಜಾರಿದೆಯಮ್ಮಾ. ಇಪ್ಪತ್ತು ಸಲ ಅವಕಾಶ ಕೊಟ್ಟಿದೀವಿ." ಮೇಡಂ ಟಿ.ಸಿ. ಅರ್ಜಿಯನ್ನು ಮುಂದಕ್ಕೆ ತಳ್ಳಿದರು. ಅಮ್ಮ ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಆಮೇಲೆ ಪೆನ್ನು ಕೈಗೆ ತೆಗೆದುಕೊಂಡರು.

"ಮೇಡಂ, ಆ ರಿಜಿಸ್ಟರ್ ಸುಳ್ಳು" ಎಂದೆ.

ಕುಳಿತೇ ಹೇಳಿದೆನೋ, ಎದ್ದು ನಿಂತು ಹೇಳಿದೆನೋ ನೆನಪಿಲ್ಲ. ಕ್ಲಿಪ್ಪಿನ ವಿಷಯ ಹೇಳಿದೆ. ಬೆಳಗಿನ ಒಂದು ಗಂಟೆ, ಕುರ್ಚಿ, ಹೊಟ್ಟೆಯಲ್ಲಿ ಒಂಥರಾ ಆಗುವುದು. ಒಂಬತ್ತು ಕೆಂಪು ಮಾತ್ರ ನನ್ನವು, ಹನ್ನೊಂದನ್ನು ಅವಳೇ ಹಾಕಿಕೊಂಡಿದ್ದಾಳೆ, ನಾನು ಕಣ್ಣುಮುಚ್ಚಿ ಇಳಿಸಿಕೊಂಡಿದ್ದೇನೆ ಎಂದೆ.

"ಈ ಸಹಿ ಯಾರದು?"

"ನಂದೇ ಮೇಡಂ."

"ಉಳಿದ ಮೂವತ್ತು ಮಕ್ಕಳದ್ದೂ ಹೀಗೇ ಬರೆದಿದೀರಾ?"

"ಹೀಗೇ ಬರೆದಿದೀನಿ."

ಮೇಡಂ ಕನ್ನಡಕ ತೆಗೆದಿಟ್ಟರು. ಅವರು ಕೂಗುತ್ತಾರೆಂದು ಕಾದೆ. ಕೂಗಲಿಲ್ಲ. "ಇದನ್ನ ಬರವಣಿಗೆಯಲ್ಲಿ ಕೊಡ್ಬೇಕಾಗತ್ತೆ. ಕೊಟ್ರೆ ನಾನದನ್ನ ನಿಮ್ಮ ಕಡತಕ್ಕೆ ಹಾಕ್ಲೇಬೇಕು. ಯೋಚ್ನೆ ಮಾಡಿ" ಎಂದರು.

ಯೋಚನೆ ಮಾಡಿದ್ದರೆ ಬರೆಯುತ್ತಿರಲಿಲ್ಲ. ಅಮ್ಮನ ಕೈಯಲ್ಲಿದ್ದ ಪೆನ್ನನ್ನೇ ಇಸಿದುಕೊಂಡು ಅಲ್ಲೇ ಐದು ಸಾಲು ಬರೆದುಕೊಟ್ಟೆ. ಮೇಡಂ ಟಿ.ಸಿ. ಅರ್ಜಿಯನ್ನು ಡ್ರಾಯರಿಗೆ ಹಾಕಿದರು. ಮಗು ಉಳಿಯುತ್ತದೆ. ನನ್ನ ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ, ಆಮೇಲೆ ನೋಡೋಣ ಎಂದರು. ಅಷ್ಟರಲ್ಲಿ ಯಾವುದೋ ಫೋನು ಬಂತು, ಅವರು ಎದ್ದು ಹೊರಗೆ ಹೋದರು.

ಅಮ್ಮ ನನಗೆ ಏನಾದರೂ ಒಳ್ಳೆಯ ಮಾತು ಹೇಳುತ್ತಾರೆಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಕಾಯುತ್ತಿದ್ದೆ.

"ಯಾವ ಯಾವ ದಿನ?" ಎಂದು ಕೇಳಿದರು.

ಕೈಚೀಲದಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದರು. ನಾನು ಕಳಿಸಿದ ಚೀಟಿಗಳು. ಸಹಿ ಮಾಡಿ ಕಳಿಸಿದ ಭಾಗ ನನ್ನ ಹತ್ತಿರ, ಮನೆಯಲ್ಲಿ ಇಟ್ಟುಕೊಳ್ಳುವ ಭಾಗವನ್ನು ಅವರು ಒಂದೂ ಕಳೆದಿರಲಿಲ್ಲ. ಮೇಜಿನ ಮೇಲೆ ಹರಡಿದರು. ನಾನು ತಾರೀಕು ತೋರಿಸುತ್ತಾ ಹೋದೆ, ಅವರು ಎರಡು ಗುಡ್ಡೆ ಮಾಡುತ್ತಾ ಹೋದರು.

"ನಾನು ಹೊಡೆಯೋದಿಲ್ಲ ಟೀಚರ್. ಮಗು ಮೇಲೆ ಕೈ ಎತ್ತಬಾರದು ಅಂತ ನಂಗೆ ನಾನೇ ಹೇಳ್ಕೊಂಡಿದೀನಿ. ಮಾತು ಬಿಡ್ತೀನಿ. ಕೆಂಪು ಚೀಟಿ ಬಂದ ದಿನ ಅವಳ ಜೊತೆ ಮಾತಾಡಲ್ಲ. ಊಟಕ್ಕೆ ಹಾಕ್ತೀನಿ, ತಲೆ ಬಾಚ್ತೀನಿ, ಮಾತಾಡಲ್ಲ. ಅವಳು ಹಿಂದೆ ಹಿಂದೆ ಬರ್ತಾಳೆ. ಅಮ್ಮಾ ನೋಡು, ಅಮ್ಮಾ ಇಲ್ಲಿ ನೋಡು ಅಂತ ಏನೇನೋ ಮಾಡ್ತಾಳೆ. ನಾನು ತಿರುಗಿ ನೋಡಲ್ಲ."

ಹನ್ನೊಂದರ ಗುಡ್ಡೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಇಟ್ಟರು. ಆಗಸ್ಟ್ ಹದಿನಾಲ್ಕು.

"ಇದು ಅವಳು ಹುಟ್ಟಿದ ದಿನ."

ನಾನು ತಪ್ಪಾಯಿತು ಎಂದೆ. ಅಷ್ಟು ಸಣ್ಣ ಮಾತನ್ನು ನನ್ನ ಜೀವಮಾನದಲ್ಲಿ ಆಡಿರಲಿಲ್ಲ. ಅವರು ಒಂಬತ್ತರ ಗುಡ್ಡೆಯನ್ನು ಮೇಜಿನ ಮೇಲೇ ಬಿಟ್ಟು, ಹನ್ನೊಂದನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದರು. ವರಾಂಡದಲ್ಲಿ ಟಕ್ ಟಕ್ ನಿಂತಿತು.

ಸೆಪ್ಟೆಂಬರ್ 23, ಸೋಮವಾರ

ಹಲಗೆಯನ್ನು ಇಳಿಸಿ ಕಪಾಟಿನ ಹಿಂದೆ ಇಟ್ಟೆ. ಗೋಡೆಯ ಮೇಲೆ ಮೊಳೆಯ ತೂತು ಉಳಿದಿದೆ. ನಾಳೆಯಿಂದ ಇವರನ್ನು ಹೇಗೆ ಹಿಡಿದಿಡುವುದೋ ನನಗೆ ಗೊತ್ತಿಲ್ಲ. ಇವತ್ತೇ ಒಬ್ಬ, "ಹಾಗಾದ್ರೆ ಏನು ಬೇಕಾದ್ರೂ ಮಾಡ್ಬಹುದಾ ಟೀಚರ್?" ಎಂದು ಕೇಳಿದ. ಮಾಡು ನೋಡೋಣ ಎಂದೆ. ಪಾಪ, ಅವನಿಗೆ ಏನು ಮಾಡುವುದೆಂದೇ ಹೊಳೆಯಲಿಲ್ಲ.

ಬೆಳಗ್ಗೆ ಬೆಲ್ಲಾದಾಗ ಕ್ಲಾಸಿನಲ್ಲಿ ಮೂವತ್ತು ಜನ. ಅವಳಿಲ್ಲ. ಇಂಥ ಟೀಚರ್ ಹತ್ತಿರ ಮಗಳನ್ನು ಕಳಿಸುವುದೇ ಬೇಡವೆಂದು ಅಮ್ಮ ತೀರ್ಮಾನ ಮಾಡಿದರೇನೋ. ಕಿಟಕಿಗೆ ಓಡಿ ನೋಡಿದೆ.

ಗೇಟಿನ ಹೊರಗೆ, ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಅಮ್ಮ ಡ್ಯೂಟಿ ಬದಲಾಯಿಸಿಕೊಂಡಿರಬೇಕು, ನೀಲಿ ಕೋಟು ಹಾಕಿರಲಿಲ್ಲ. ಅವಳು ಎರಡೂ ಕೈ ಬೀಸಿ ಏನೋ ದೊಡ್ಡ ಕಥೆ ಹೇಳುತ್ತಿದ್ದಳು. ಅಮ್ಮ ಅವಳ ಕಡೆಗೇ ತಿರುಗಿ ಕೂತು ಕೇಳುತ್ತಿದ್ದರು. ಏನೋ ಕೇಳಿದರು, ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಹಾಜರಿ ಪುಸ್ತಕ ತೆರೆದೆ. ಅವಳ ನಂಬರು ಐದು. ಮೂವತ್ತೊಂದರಿಂದ ಹಿಂದಕ್ಕೆ ಕೂಗುತ್ತಾ ಬಂದೆ. ಒಬ್ಬೊಬ್ಬರನ್ನೂ ತಿಂಡಿ ಆಯ್ತಾ, ಕೆಮ್ಮು ಹೋಯ್ತಾ ಎಂದು ವಿಚಾರಿಸಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಆರನೆಯ ನಂಬರಿನವಳ ಅಜ್ಜಿಯ ಮೊಣಕಾಲು ನೋವನ್ನೂ ಪೂರ್ತಿ ಕೇಳಿದೆ.

ಐದು ಬಂತು. ಗೇಟಿನಲ್ಲಿ ಮಾತಿನ್ನೂ ಮುಗಿದಿರಲಿಲ್ಲ. ಪುಸ್ತಕ ಮುಚ್ಚಿದೆ.

"ಇನ್ನೊಂದು ಸ್ವಲ್ಪ ಹೊತ್ತು ಗಲಾಟೆ ಮಾಡ್ಕೊಳ್ಳಿ" ಎಂದು ಮಕ್ಕಳಿಗೆ ಹೇಳಿ, ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕುಳಿತೆ.